ಪೆನ್ಸಿಲ್ ವೋಟಿನ ವರದಿ

ಟಾರ್ನೀಟ್, ಮೆಲ್ಬರ್ನ್, ಆಸ್ಟ್ರೇಲಿಯಾ
5 ಮೇ 2025

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. (ಹೀಗೆ ಶುರು ಮಾಡದಿದ್ದರೆ ನೀವು ಮುಂದಕ್ಕೆ ಓದೋದಿಲ್ಲ, ಗೊತ್ತು.)

ಶನಿವಾರ ಇಲ್ಲಿ ಪಾರ್ಲಿಮೆಂಟ್ ಎಲೆಕ್ಷನ್ ಆಯಿತು. ಇಲ್ಲಿನ ಸಿಟಿಜನ್ ಆದ ಮೇಲೆ ನನಗಿದು ಮೊದಲ ವೋಟು. ಫೋನಿನಲ್ಲಿ ಹೇಳೋಣ ಅಂದರೆ ಅಮ್ಮ ನಡುವೆ ಬಂದು ಅಡುಗೆ ಏನು ಅಂತ ಕೇಳಿದಳು, ಮಾತು ಅಲ್ಲಿಗೇ ತಿರುಗಿತು. ಅಷ್ಟು ವರ್ಷ ಎಲೆಕ್ಷನ್ ಡ್ಯೂಟಿ ಮಾಡಿದ ಮೇಷ್ಟ್ರಿಗೆ ವರದಿ ವಿವರವಾಗಿಯೇ ಕೊಡಬೇಕಲ್ವಾ?

ಬೂತ್ ಇದ್ದದ್ದು ಮನೆ ಹತ್ತಿರದ ಪ್ರೈಮರಿ ಸ್ಕೂಲಿನಲ್ಲಿ. ಬಂದೂಕಿನ ಪೊಲೀಸ್ ಹಾಗಿರಲಿ, ಲಾಠಿ ಹಿಡಿದ ಹೋಂ ಗಾರ್ಡ್ ಕೂಡ ಕಾಣಲಿಲ್ಲ. ನಮ್ಮಲ್ಲಿ ನೂರು ಮೀಟರ್ ಒಳಗೆ ಪ್ರಚಾರ ಮಾಡುವಂತಿಲ್ಲ, ಇಲ್ಲಿ ಆರೇ ಮೀಟರ್! ಬಾಗಿಲ ಸಮೀಪದವರೆಗೂ ಎಲ್ಲ ಪಾರ್ಟಿಯವರು ಚೀಟಿ ಹಿಡಿದು ನಿಂತಿರುತ್ತಾರೆ, ಒಬ್ಬರ ಜೊತೆ ಒಬ್ಬರು ಹರಟೆ ಹೊಡೆಯುತ್ತಾ.

ಒಳಗೆ ಮೂರೇ ಪ್ರಶ್ನೆ. ಪೂರ್ತಿ ಹೆಸರೇನು, ಎಲ್ಲಿ ವಾಸ, ಈ ಚುನಾವಣೆಯಲ್ಲಿ ಆಗಲೇ ವೋಟ್ ಹಾಕಿದ್ದೀರಾ. ನಾನು ಲೈಸೆನ್ಸ್ ತೆಗೆದು ಹಿಡಿದಿದ್ದೆ, ಪ್ರಶ್ನೆ ಕೇಳಿದ ಆಯಮ್ಮ ಅದನ್ನು ನೋಡಲೇ ಇಲ್ಲ. "ಯಾರಾದರೂ ಎರಡು ಸಲ ಹಾಕಿದರೆ?" ಅಂತ ನೀವು ಕೇಳೇ ಕೇಳ್ತೀರಿ. ಆಮೇಲೆ ಎಲ್ಲ ಬೂತಿನ ಪಟ್ಟಿಗಳನ್ನು ತಾಳೆ ನೋಡುತ್ತಾರೆ. ಬೆರಳಿಗೆ ಇಂಕಂತೂ ಇಲ್ಲ. ನಮ್ಮ ಮೈಸೂರಿನ ಇಂಕು ಎಷ್ಟೋ ದೇಶಕ್ಕೆ ಹೋಗುತ್ತೆ, ಇಲ್ಲಿಗೆ ಬಂದಿಲ್ಲ. ಇಲ್ಲಿನವರು ಬೆರಳಿನ ಬದಲು ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜಿನ ಫೋಟೋ ಹಾಕಿಕೊಳ್ಳುತ್ತಾರೆ. ಸ್ಕೂಲಿಗೆ ದುಡ್ಡು ಕೂಡಿಸೋಕೆ ಪೋಷಕರೇ ಅಂಗಳದಲ್ಲಿ ಸುಟ್ಟು ಮಾರುತ್ತಾರೆ. ನಾನು ಬ್ರೆಡ್ಡಿಗೆ ಬರೀ ಈರುಳ್ಳಿ ಹಾಕಿಸಿಕೊಂಡೆ.

ಪೇಪರ್ ಎರಡು. ಹಸಿರು ಕೆಳಮನೆಗೆ, ಬಿಳಿ ಸೆನೆಟ್‌ಗೆ, ಅಂದರೆ ಮೇಲ್ಮನೆಗೆ. ಬಿಳಿ ಪೇಪರ್ ಮದುವೆ ಊಟದ ಬಾಳೆಲೆಯಷ್ಟು ಉದ್ದ, ರಟ್ಟಿನ ಮರೆಯೊಳಗೆ ಪೂರ್ತಿ ಬಿಡಿಸೋಕೂ ಆಗಲ್ಲ. ಬರೆಯೋಕೆ ಇಟ್ಟಿರೋದು ಪೆನ್ಸಿಲ್!

ಹಸಿರು ಪೇಪರಿನಲ್ಲಿ ಒಬ್ಬರಿಗೆ ಹಾಕಿ ಬರುವ ಹಾಗಿಲ್ಲ. ಎಲ್ಲ ಅಭ್ಯರ್ಥಿಗಳಿಗೂ 1, 2, 3 ಅಂತ ನಂಬರ್ ಕೊಡಬೇಕು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ವೋಟುಗಳನ್ನು ಆ ಪೇಪರುಗಳಲ್ಲಿ 2 ಅಂತ ಇರುವವರಿಗೆ ಸೇರಿಸುತ್ತಾರೆ. ಹಾಗಾಗಿ ಗೆಲ್ಲದವರಿಗೆ ಹಾಕಿ ವೋಟು ಯಾಕೆ ದಂಡ ಮಾಡ್ತೀಯ ಅಂತ ಚಿಕ್ಕಪ್ಪ ಬೈಯೋದಿತ್ತಲ್ಲ, ಆ ಮಾತು ಇಲ್ಲಿ ನಡೆಯಲ್ಲ. 1 ಬರೆಯೋಕೆ ನನಗೆ ಹೊತ್ತು ಹಿಡಿಯಲಿಲ್ಲ. ಕೈ ನಿಂತದ್ದು ಕೊನೆಯ ಎರಡು ಚೌಕದಲ್ಲಿ. ಇಬ್ಬರೂ ವಲಸೆ ಬಂದವರ ಬಗ್ಗೆ ಹಗುರವಾಗಿ ಮಾತಾಡುವವರೇ. ಇವರಲ್ಲಿ ಯಾರು ಜಾಸ್ತಿ ಕೆಟ್ಟವರು ಅಂತ ಕೂತು ತೂಗಬೇಕು! ಅಪ್ಪಾ, ಒಬ್ಬರನ್ನು ಕಟ್ಟಕಡೆಗೆ ತಳ್ಳಿ ನಂಬರ್ ಬರೆಯುವಾಗ ಆಗುವ ಖುಷಿ ನೋಟಾ ಒತ್ತಿದರೆ ಸಿಗಲ್ಲ.

ವೋಟ್ ಹಾಕದಿದ್ದರೆ 20 ಡಾಲರ್ ದಂಡ. ಈ ಕಾನೂನು 1924ರದ್ದು. ಕ್ಯೂನಲ್ಲಿ ನನ್ನ ಹಿಂದಿದ್ದ ಹುಡುಗ ದಂಡಕ್ಕೆ ಹೆದರಿಯೇ ಬಂದದ್ದು ಅಂತ ಗೊಣಗುತ್ತಿದ್ದ. ಅಜ್ಜಿ ಬೆಳಿಗ್ಗೆ ಏಳಕ್ಕೆಲ್ಲ ಒಳ್ಳೆ ಸೀರೆ ಉಟ್ಟು ಬೂತಿನ ಮುಂದೆ ನಿಲ್ಲುತ್ತಿದ್ದರಲ್ಲ, ಅವರಿಗೆ ಯಾರು ದಂಡ ಹಾಕಿದ್ದರು? ಆದರೂ ಈ ಕಾನೂನು ನನಗೆ ಹಿಡಿಸಿತು. ಜನ ಹೇಗೂ ಬರುತ್ತಾರೆ, ಹಾಗಾಗಿ ಆಟೋ ಕಳಿಸಿ ಕರೆಸೋ ತಲೆನೋವು ಪಾರ್ಟಿಗಳಿಗಿಲ್ಲ.

ಸಂಜೆ ಆರಕ್ಕೆ ಬಾಗಿಲು ಹಾಕಿ, ಅದೇ ಸ್ಕೂಲಿನಲ್ಲಿ ಕೈಯಲ್ಲೇ ಎಣಿಸೋಕೆ ಶುರು. ನಿಮ್ಮ ಹಾಗೆ ಪೆಟ್ಟಿಗೆ, ಮೆಷಿನ್ ವಾಪಸ್ ಒಪ್ಪಿಸೋ ಡಿಮಸ್ಟರಿಂಗ್‌ಗೆ ರಾತ್ರಿಯೆಲ್ಲ ಕ್ಯೂ ನಿಲ್ಲೋದು ಬೇಡ. ಮಲಗೋ ಹೊತ್ತಿಗೆ ಲೇಬರ್ ಪಾರ್ಟಿ ಮತ್ತೆ ಗೆದ್ದದ್ದು ಗೊತ್ತಾಯಿತು. ವಿರೋಧ ಪಕ್ಷದ ನಾಯಕ ಪೀಟರ್ ಡಟನ್ ಸ್ವಂತ ಸೀಟೇ ಕಳೆದುಕೊಂಡರು.

ಇನ್ನೊಂದು ವಿಷಯ. ಊರಿನ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇದೆಯಂತೆ, ತಮ್ಮ ಹೇಳಿದ. ಪಟ್ಟಿ ನೋಡಿಕೊಳ್ಳೋ ಬೂತ್ ಅಧಿಕಾರಿ (ಬಿಎಲ್‌ಓ) ಕೇಳಿದಾಗ "ಇರಲಿ ಬಿಡಿ, ರಜಕ್ಕೆ ಬರ್ತಾಳೆ" ಅಂದಿರಂತೆ. ಆಗಲ್ಲ ಅಪ್ಪಾ. ಇಂಡಿಯನ್ ಪಾಸ್‌ಪೋರ್ಟ್ ವಾಪಸ್ ಕೊಟ್ಟಾಯಿತು, ಬೇರೆ ದೇಶದ ಸಿಟಿಜನ್ ಆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ವೋಟಿಲ್ಲ. ದುಬೈನಲ್ಲಿರೋ ಚಿಕ್ಕಪ್ಪನ ಮಗ ಇನ್ನೂ ಇಂಡಿಯನ್ನೇ, ಅವನು ಹೆಸರು ಇಟ್ಟುಕೊಂಡು ಊರಿಗೆ ಬಂದು ಹಾಕಬಹುದು. ನಾನು ಹಾಕುವಂತಿಲ್ಲ. ಇದನ್ನು ಬರೆಯೋಕೆ ನನಗೂ ಸಂಕಟವೇ. ಆದರೆ ಪಟ್ಟಿಯಲ್ಲಿ ಸತ್ತವರ ಹೆಸರು ಕಂಡರೆ ಸಿಡಿಮಿಡಿ ಅನ್ನುತ್ತಿದ್ದವರು ನೀವೇ ಅಲ್ವಾ? ಹೆಸರು ತೆಗೆಸುವ ಫಾರಂ 7 ಆನ್‌ಲೈನಿನಲ್ಲಿ ನಾನೇ ತುಂಬುತ್ತೇನೆ, ವೋಟರ್ ಕಾರ್ಡಿನ ಎಪಿಕ್ ನಂಬರ್ ಬೇಕು. ಕಾರ್ಡು ಬೀರುವಿನಲ್ಲಿ ನನ್ನ ಮಾರ್ಕ್ಸ್ ಕಾರ್ಡುಗಳ ಜೊತೆ ಇರಬೇಕು. ಹುಡುಕಿ, ತಮ್ಮನ ಕೈಲಿ ಫೋಟೋ ತೆಗೆಸಿ ಕಳಿಸಿ.

ಅಮ್ಮನಿಗೆ ಭಾನುವಾರ ಫೋನ್ ಮಾಡುತ್ತೇನೆ.

ಇಂತಿ ನಿಮ್ಮ ಮಗಳು