ಒಂಬತ್ತನೇ ತರಗತಿ ಪೋಷಕರಿಗೆ: ವಿಜ್ಞಾನದ ಆ ಒಂದು ಪ್ರಶ್ನೆಯ ಬಗ್ಗೆ

ಪ್ರೀತಿಯ ಪೋಷಕರಿಗೆ ನಮಸ್ಕಾರಗಳು.

ಒಂಬತ್ತನೇ ತರಗತಿಯ ವಿಜ್ಞಾನದ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಉತ್ತರ ಪತ್ರಿಕೆ ಮನೆಗೆ ಬಂದಿದೆ. ಸಹಿ ಮಾಡಿ ಸೋಮವಾರದೊಳಗೆ ಕಳಿಸಿಕೊಡಿ. ನ್ಯೂಟ್ರಾನ್‌ಗೂ ಐಸೋಟೋಪ್‌ಗೂ ವ್ಯತ್ಯಾಸ ಏನು ಅನ್ನುವ ಪ್ರಶ್ನೆಗೆ ಅಂಕ ಹೋಗಿದ್ದರೆ ದಯವಿಟ್ಟು ಬೈಯಬೇಡಿ. ತುಂಬಾ ಮಕ್ಕಳು ಎರಡನ್ನೂ ಕಣ ಅಂತಲೇ ಬರೆದಿದ್ದಾರೆ. ನಡುವೆ ಗೆರೆ ಎಳೆದು ವ್ಯತ್ಯಾಸ ಕೊಡುವ ಗೈಡುಗಳನ್ನು ಬಾಯಿಪಾಠ ಮಾಡಿದರೆ ಆಗುವುದೇ ಹೀಗೆ.

ನ್ಯೂಟ್ರಾನ್ ಪರಮಾಣುವಿನ ಒಳಗಿನ ಕಣ. ನ್ಯೂಕ್ಲಿಯಸ್‌ನಲ್ಲಿ ಪ್ರೋಟಾನ್ ಜೊತೆ ಇರುತ್ತದೆ, ವಿದ್ಯುದಾವೇಶ ಇಲ್ಲ. ಐಸೋಟೋಪ್ ಕಣವಲ್ಲ, ಇಡೀ ಪರಮಾಣು; ಧಾತು ಅದೇ, ನ್ಯೂಟ್ರಾನ್ ಎಣಿಕೆ ಮಾತ್ರ ಬೇರೆ. ಇಂಗಾಲವನ್ನೇ ನೋಡಿ. ಪ್ರೋಟಾನ್ ಯಾವಾಗಲೂ 6. ನ್ಯೂಟ್ರಾನ್ 6 ಇದ್ದರೆ ಎರಡೂ ಸೇರಿ ಕಾರ್ಬನ್-12, 8 ಇದ್ದರೆ ಕಾರ್ಬನ್-14. ಎರಡೂ ಇಂಗಾಲವೇ. ಪ್ರೋಟಾನ್ ಒಂದು ಜಾಸ್ತಿಯಾದರೆ ಮಾತ್ರ ಅದು ಸಾರಜನಕ ಆಗಿಬಿಡುತ್ತದೆ.

ತಮಾಷೆ ಅಂದರೆ, ವಿಜ್ಞಾನಿ ಫ್ರೆಡರಿಕ್ ಸಾಡಿ ಇಂಥ ಪರಮಾಣುಗಳನ್ನು ಐಸೋಟೋಪ್ ಅಂತ ಕರೆದದ್ದು 1913ರಲ್ಲಿ. ಜೇಮ್ಸ್ ಚಾಡ್ವಿಕ್‌ಗೆ ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ. ಒಂದೇ ಧಾತುವಿನ ಪರಮಾಣುಗಳ ತೂಕ ಬೇರೆ ಬೇರೆ ಅಂತ ಮೊದಲೇ ಗೊತ್ತಿತ್ತು, ಯಾಕೆ ಅಂತ ಸರಿಯಾಗಿ ತಿಳಿದದ್ದು ಆಮೇಲೆ. ಮಕ್ಕಳಿಗೆ ಗೊಂದಲ ಆಗುವುದರಲ್ಲಿ ಆಶ್ಚರ್ಯ ಏನಿದೆ!

ಐಸೋಟೋಪ್‌ನಿಂದ ಉಪಯೋಗವೂ ಇದೆ. ನಮ್ಮ ಚಿತ್ರದುರ್ಗದ ಪ್ರಾಚೀನ ನೆಲೆ ಚಂದ್ರವಳ್ಳಿಯನ್ನು ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದಾಗ, ಕಾರ್ಬನ್-14 ಅಳೆದು ಹಳೆಯ ವಸ್ತುವಿನ ವಯಸ್ಸು ಹೇಳುವ ಕಾರ್ಬನ್ ಡೇಟಿಂಗ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಕಾಲ ಲೆಕ್ಕ ಹಾಕಲು ರೋಮನ್ ನಾಣ್ಯಗಳಂಥ ಗುರುತುಗಳೇ ಆಧಾರ. ಈಗಾದರೆ ಇದ್ದಿಲು, ಮೂಳೆ ಸಿಕ್ಕರೆ ಸಾಕು. ಗಿಡವಾಗಲಿ ಪ್ರಾಣಿಯಾಗಲಿ ಸತ್ತ ಮೇಲೆ ಅದರೊಳಗಿನ ಕಾರ್ಬನ್-14 ಕರಗುತ್ತಾ ಹೋಗಿ, ಸುಮಾರು 5,730 ವರ್ಷಕ್ಕೆ ಅರ್ಧ ಆಗುತ್ತದೆ. ಉಳಿದದ್ದನ್ನು ಅಳೆದು ವಯಸ್ಸು ಹೇಳುತ್ತಾರೆ. ಕಲ್ಲಿಗೆ ಈ ಲೆಕ್ಕ ನಡೆಯುವುದಿಲ್ಲ. ಕೋಟೆ ಗೋಡೆಯ ವಯಸ್ಸು ಹೀಗೆ ಹೇಳಬಹುದಾ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ, ಅದಕ್ಕೆ ಹೇಳಿದೆ.

ಮುಂದಿನ ವಾರ ಇದೇ ಪಾಠದ ಮೇಲೆ ಬರೀ ಬಾಯಿ ಪರೀಕ್ಷೆ. ಮನೆಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ಕ್ಲೋರಿನ್ ತೂಕ ಪುಸ್ತಕದಲ್ಲಿ 35.5 ಅಂತಿದೆಯಲ್ಲ, ಆ ಅರ್ಧ ಎಲ್ಲಿಂದ ಬಂತು? ನ್ಯೂಟ್ರಾನ್ ಅರ್ಧ ಇರುವುದಿಲ್ಲ ಅಲ್ವಾ? ಕ್ಲೋರಿನ್-35 ಮೂರು ಪಾಲು, ಕ್ಲೋರಿನ್-37 ಒಂದು ಪಾಲು, ಇದು ಅವುಗಳ ಸರಾಸರಿ ಅಂತ ಮಕ್ಕಳು ಹೇಳಿದರೆ, ಗೈಡ್ ಕೊಡಿಸುವ ದುಡ್ಡು ಉಳಿಯಿತು.

ಇಂತಿ,
ಮುಖ್ಯ ಶಿಕ್ಷಕರು
ಪ್ರೌಢಶಾಲೆ, ಚಿತ್ರದುರ್ಗ