ಘಟಕ ಕಟ್ಟಿದರಷ್ಟೇ ಉದ್ಯೋಗವಲ್ಲ

ಮಾನ್ಯರೇ,

ಜೈವಿಕ ಆರ್ಥಿಕತೆಯಿಂದ, ಅಂದರೆ ಬೆಳೆ, ಸಗಣಿ, ಸೂಕ್ಷ್ಮಾಣುಗಳಂಥ ಜೈವಿಕ ಮೂಲಗಳನ್ನು ನೆಚ್ಚಿದ ಉದ್ಯಮಗಳಿಂದ, ಉದ್ಯೋಗ ಎಂದಾಗಲೆಲ್ಲ ಪ್ರಯೋಗಾಲಯಗಳದ್ದೇ ಮಾತು. ಬೆಳೆಯುಳಿಕೆಯಿಂದ ಅನಿಲ ತಯಾರಿಸುವ ಘಟಕವನ್ನೇ ನೋಡಿ: ಹೆಚ್ಚು ಕೈಗಳು ಬೇಕಾಗುವುದು ಗೇಟಿನ ಹೊರಗೆ, ಹುಲ್ಲು ಒಟ್ಟುಮಾಡಿ, ಒಣಗಿಸಿ, ಪೆಂಡಿ ಕಟ್ಟಿ ಸಾಗಿಸುವಲ್ಲಿ. ಕೊಯ್ಲು ಕೆಲವೇ ವಾರ. ಘಟಕಕ್ಕೆ ವರ್ಷವಿಡೀ ಕಚ್ಚಾವಸ್ತು ಬೇಕು. ತೇವಾಂಶ ಶೇ 20 ದಾಟಿದ ಪೆಂಡಿ ಬಣವೆಯೊಳಗೇ ಬಿಸಿಯೇರಿ ಬೂಸ್ಟು ಹಿಡಿಯುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು.

ಒಳಗಿನ ಕೆಲಸವೂ ಬರೀ ಸ್ವಿಚ್ ಒತ್ತುವುದಲ್ಲ. ಹುಲ್ಲಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಸಗಣಿಯಂಥದ್ದನ್ನು ಬೆರೆಸಿ, ಒಂದು ಪಾಲು ಸಾರಜನಕಕ್ಕೆ 20ರಿಂದ 30 ಪಾಲು ಇಂಗಾಲ ಇರುವಂತೆ ನೋಡಿಕೊಳ್ಳಬೇಕು. ಉತ್ಪಾದನೆ ಏರಿಸುವ ಆತುರದಲ್ಲಿ ಕಚ್ಚಾವಸ್ತುವನ್ನು ಒಮ್ಮೆಲೇ ತೊಟ್ಟಿಗೆ ಸುರಿದರೆ ಆಮ್ಲ ಶೇಖರವಾಗಿ, ಉರಿಯುವ ಅನಿಲವಾದ ಮೀಥೇನ್ ತಯಾರಿಸುವ ಸೂಕ್ಷ್ಮಾಣುಗಳು ಸೊರಗುತ್ತವೆ. ಪಿಎಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) 6.5ಕ್ಕೆ ಇಳಿದದ್ದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಆಮ್ಲ ಮತ್ತು ಕ್ಷಾರೀಯತೆಯ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯ) ಅನುಪಾತವನ್ನು ಪರೀಕ್ಷಿಸುತ್ತಿದ್ದು, ಅದು 0.4 ದಾಟಿದಾಗಲೇ ಕಚ್ಚಾವಸ್ತು ಕಡಿಮೆ ಮಾಡಬೇಕು. ಇಲ್ಲವಾದರೆ ಚೇತರಿಕೆಗೆ ವಾರಗಳು ಬೇಕು. ಅಷ್ಟು ದಿನ ಆದಾಯವಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಈ ಪರೀಕ್ಷೆಗೆ ಪದವಿ ಬೇಕಿಲ್ಲ, ಕೆಲವು ವಾರಗಳ ತರಬೇತಿ ಸಾಕು. ಯಂತ್ರಕ್ಕೆ ಕೊಡುವ ಸಹಾಯಧನದಲ್ಲಿ ಒಂದು ಪಾಲನ್ನು ದಾಸ್ತಾನು ಶೆಡ್ಡಿಗೂ ಈ ತರಬೇತಿಗೂ ಕಡ್ಡಾಯವಾಗಿ ಮೀಸಲಿಡಬೇಕು.

– ಜೈವಿಕ ಅನಿಲ ಘಟಕಗಳ ತಂತ್ರಜ್ಞರು