ಆ ರಾತ್ರಿ ಫೋನ್ ಎತ್ತಿದವರಿಗೆ ಧನ್ಯವಾದ

ಅವತ್ತು ರಾತ್ರಿಯೇ ಆ್ಯಪ್‌ನ ಹೊಸ ಆವೃತ್ತಿ ಹೊರಡಬೇಕಿತ್ತು. ಸರ್ವರ್ ರೀಸ್ಟಾರ್ಟ್ ಆದ ಮೇಲೆ, ಕೋಡ್‌ನಿಂದ ಆ್ಯಪ್ ಕಟ್ಟಿಕೊಡುವ (ಬಿಲ್ಡ್ ಮಾಡುವ) ಜೆಂಕಿನ್ಸ್ ಸಾಫ್ಟ್‌ವೇರ್‌ನ ಪುಟ ಬ್ರೌಸರ್‌ನಲ್ಲಿ ತೆರೆಯಲೇ ಇಲ್ಲ. ಸರ್ವಿಸ್ ನೋಡಿದರೆ ಚಾಲೂ ಇದೆ! ದಿಕ್ಕು ತೋಚದೆ ಸರ್ವರ್ ಬಾಡಿಗೆ ಕೊಟ್ಟವರ ಸಹಾಯವಾಣಿಗೆ ಫೋನ್ ಮಾಡಿದೆ. ಅವರ ಕೆಲಸ ಮಷೀನ್ ನೋಡಿಕೊಳ್ಳುವುದು ಅಷ್ಟೇ. ಜೆಂಕಿನ್ಸ್ ನಮಗೆ ಸಂಬಂಧವಿಲ್ಲ ಅಂದಿದ್ದರೂ ತಪ್ಪಿರಲಿಲ್ಲ.

ಆದರೆ ಆ ಕಡೆಯಿದ್ದವರು, "ಸರ್ವರ್ ಒಳಗಿಂದಲೇ ಕರ್ಲ್ ಕೊಟ್ಟು ನೋಡಿ ಸರ್, ಅವಸರ ಬೇಡ" ಅಂದರು. ಕರ್ಲ್ ಅಂದರೆ ಬ್ರೌಸರ್ ಇಲ್ಲದೆ ಪುಟ ಕೇಳುವ ಕಮಾಂಡ್. 403 ಬಂತು, ಅಂದರೆ 'ಅನುಮತಿ ಇಲ್ಲ' ಅನ್ನುವ ಉತ್ತರ. ನನಗೆ ಎದೆ ಧಸಕ್ಕೆಂದಿತು, ಅವರಿಗೆ ಖುಷಿ. "ಲಾಗಿನ್ ಕೇಳ್ತಿದೆ ಅಂದ್ರೆ ಜೆಂಕಿನ್ಸ್ ಚೆನ್ನಾಗೇ ಇದೆ, ಅಲ್ವಾ?" ಆಮೇಲೆ ಪೋರ್ಟ್‌ಗಳ (ಸರ್ವರ್‌ನ ಪ್ರೋಗ್ರಾಂಗಳು ಉತ್ತರ ಕೊಡುವ ಬಾಗಿಲುಗಳ) ಪಟ್ಟಿ ಓದಿಸಿದರು. ಜೆಂಕಿನ್ಸ್‌ನ ಪೋರ್ಟ್ 8080ರ ಪಕ್ಕ 127.0.0.1 ಅಂತಿತ್ತು, ಅದು ಮಷೀನ್ ತನ್ನನ್ನೇ ಕರೆದುಕೊಳ್ಳುವ ವಿಳಾಸ. ಅಂದರೆ ಆ ಮಷೀನ್ ಬಿಟ್ಟು ಹೊರಗಿನ ಯಾರಿಗೂ ಅದು ಉತ್ತರ ಕೊಡುತ್ತಿರಲಿಲ್ಲ.

ಯಾವ ಸೆಟ್ಟಿಂಗ್ ಅನ್ನೂ ಮುಟ್ಟಿಸದೆ ನನ್ನ ಲ್ಯಾಪ್‌ಟಾಪ್‌ನಿಂದ ಸರ್ವರ್ ಒಳಗಿನವರೆಗೆ ಎಸ್‌ಎಸ್‌ಎಚ್ ಟನಲ್ (ಸುರಕ್ಷಿತ ದಾರಿ) ಹಾಕಿಸಿದರು. ಕಮಾಂಡ್‌ನ ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ನಾನು ಟೈಪ್ ಮಾಡಿ ಮುಗಿಸುವವರೆಗೂ ಸುಮ್ನೆ ಕಾದರು. ಲಾಗಿನ್ ಪುಟ ಕಂಡಾಗ ಹೋದ ಜೀವ ಬಂದಂತಾಯಿತು. ಬಿಲ್ಡ್‌ಗೆ ಹಸಿರು ಗುರುತು ಬೀಳುವವರೆಗೂ ಅವರು ಫೋನ್ ಇಡಲಿಲ್ಲ.

"8080 ಅನ್ನು ಹೊರಗಿನವರಿಗೆಲ್ಲ ತೆರೆದಿಡಬೇಡಿ. 127.0.0.1 ಹಾಗೇ ಇರಲಿ, ಅದೇ ಮಷೀನ್‌ನಲ್ಲಿ ಎಂಜಿನ್‌ಎಕ್ಸ್ ಕೂರಿಸಿ ಎಚ್‌ಟಿಟಿಪಿಎಸ್ ಕೊಡಿ" ಅಂತಲೂ ಹೇಳಿದರು. ಎಂಜಿನ್‌ಎಕ್ಸ್ ಅಂದರೆ ಹೊರಗಿನವರ ಕೋರಿಕೆ ಪಡೆದು ಒಳಗಿನ ಜೆಂಕಿನ್ಸ್‌ಗೆ ದಾಟಿಸುವ ಪ್ರೋಗ್ರಾಂ, ಎಚ್‌ಟಿಟಿಪಿಎಸ್ ಅಂದರೆ ಸುರಕ್ಷಿತ ವೆಬ್ ಸಂಪರ್ಕ. ಹಾಗೇ ಮಾಡಿದೆವು, ಈಗ ತಂಡದವರೆಲ್ಲರಿಗೂ ಪುಟ ತೆರೆಯುತ್ತಿದೆ. ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲೇ ಆಗಲಿಲ್ಲ. ತುಂಬಾ ತುಂಬಾ ಥ್ಯಾಂಕ್ಸ್ ಸರ್.